ಸಾಕ್ಸ್ ಇಲ್ಲದೆ ಸೈಕಲ್: ಟ್ರಯಥ್ಲಾನ್ ಶೂ ಕೊಳ್ಳುವ ಮೊದಲು ಕಾಲು ಒದ್ದೆ ಮಾಡಿ ನೋಡಿ

ಟ್ರಯಥ್ಲಾನ್‌ಗೆ, ಅಂದರೆ ಈಜು, ಸೈಕಲ್, ಓಟ ಒಂದರ ಹಿಂದೆ ಒಂದು ಮಾಡುವ ಸ್ಪರ್ಧೆಗೆ, ಸೈಕಲ್ ಶೂ ಕೊಳ್ಳಲು ಹೊರಟಿದ್ದೀರಾ? ಹಾಗಾದರೆ ಒಂದು ಬಾಟಲಿ ನೀರು, ಒಂದು ಹಳೆಯ ಬೈರಾಸು ಜೊತೆಗೆ ತಗೊಂಡು ಹೋಗಿ. ಅಂಗಡಿಯವರನ್ನು ಮೊದಲೇ ಕೇಳಿ. ಅವರು ಒಪ್ಪಿದರೆ ಕಾಲಿಗೆ ನೀರು ಹಾಕಿಕೊಂಡು, ಅರೆಬರೆ ಒರೆಸಿ, ಸಾಕ್ಸ್ ಇಲ್ಲದೆ ಶೂ ಹಾಕಿ ನೋಡಿ. ಎಸಿ ಗಾಳಿಯಲ್ಲಿ ಕೂತು, ಒಣಗಿದ ಕಾಲಿಗೆ ತೆಳು ಸಾಕ್ಸ್ ಹಾಕಿಕೊಂಡು ನೋಡಿದರೆ ಎಲ್ಲಾ ಶೂಗಳೂ ಚೆನ್ನಾಗಿಯೇ ಕಾಣುತ್ತವೆ. ನಾನು ಮೊದಲ ಜೋಡಿಯನ್ನು ಹಾಗೆ ನೋಡಿ ಕೊಂಡೆ, 6,800 ರೂಪಾಯಿ ಕೊಟ್ಟೆ, ಹಿಮ್ಮಡಿಯ ಚರ್ಮ ಕಳಕೊಂಡೆ. ಎರಡನೆಯ ಜೋಡಿಯನ್ನು ಒದ್ದೆ ಕಾಲಿಗೆ ಹಾಕಿ ನೋಡಿ ಕೊಂಡೆ. ಅದಕ್ಕೆ ಈಗ 14 ತಿಂಗಳು, ಒಂದು ಪೂರ್ತಿ ಮಳೆಗಾಲ ಕಳೆದಿದೆ.

ಎರಡು ಜೋಡಿಯ ಕಂಪನಿ ಹೆಸರನ್ನೂ ನಾನು ಬರೆಯುವುದಿಲ್ಲ. ಶೂ ಅಂದರೆ ಕಾಲಿನ ಆಕಾರದ ವಿಷಯ. ನನ್ನ ಕಾಲು ಮುಂದೆ ಅಗಲ, ಹಿಂದೆ ಸಪೂರ. ನನಗೆ ಹೊಂದಿದ್ದು ನಿಮಗೆ ಹೊಂದಬೇಕೆಂದಿಲ್ಲ. ಆದರೆ ಶೂವಿನಲ್ಲಿ ಯಾವ ಗುಣ ನೋಡಬೇಕು ಅನ್ನುವುದು ಎಲ್ಲರಿಗೂ ಒಂದೇ, ಅದರಲ್ಲೂ ನಮ್ಮ ಕರಾವಳಿಯ ಸೆಕೆಯಲ್ಲಿ ಸೈಕಲ್ ಬಿಡುವವರಿಗೆ.

ಮೊದಲ ಜೋಡಿ ರೋಡ್ ಸೈಕಲ್ ಶೂ. ಮೇಲೆ ತಿರುಗಿಸಿ ಬಿಗಿ ಮಾಡುವ ಡಯಲ್, ತಳ ಗಟ್ಟಿ, ನೋಡಲು ಬಹಳ ಚಂದ. ಸಾಕ್ಸ್ ಹಾಕಿಕೊಂಡು ಉಡುಪಿಯಿಂದ ಕಾರ್ಕಳದ ತನಕ ಹೋಗಿ ಬಂದರೂ ಒಂದು ಸಣ್ಣ ನೋವಿಲ್ಲ. ಹಾಗಾಗಿ ಟ್ರಯಥ್ಲಾನ್‌ಗೂ ಇದೇ ಸಾಕು ಅಂದುಕೊಂಡೆ. ಜನವರಿಯಲ್ಲಿ ನಾವು ಐದಾರು ಮಂದಿ ಸೇರಿ ಮಲ್ಪೆಯಲ್ಲಿ ಸ್ಪ್ರಿಂಟ್ ದೂರದ ಅಭ್ಯಾಸ ಇಟ್ಟುಕೊಂಡೆವು. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಸಮುದ್ರ ಶಾಂತವಾಗಿತ್ತು, ಈಜು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆಯಿತು. ನೀರಿನಿಂದ ಓಡಿ ಬಂದು ಸಾಕ್ಸ್ ಹಾಕಿಕೊಳ್ಳಲು ನೋಡಿದರೆ, ಒದ್ದೆ ಕಾಲಿಗೆ ಅದು ಹತ್ತುವುದೇ ಇಲ್ಲ. ಬೆರಳ ಹತ್ತಿರವೇ ಸುರುಳಿ ಸುತ್ತಿಕೊಂಡು ನಿಂತುಬಿಟ್ಟಿತು. ಉಳಿದವರು ಆಗಲೇ ಸೈಕಲ್ ಹತ್ತಿದ್ದರು. ಸಾಕ್ಸ್ ಅಲ್ಲೇ ಬಿಟ್ಟು, ಹೊಯಿಗೆ ಅಂಟಿದ ಕಾಲನ್ನು ಹಾಗೆಯೇ ಶೂ ಒಳಗೆ ತುರುಕಿದೆ.

ಪಡುಕೆರೆ ದಾಟುವ ತನಕ ಏನೂ ಗೊತ್ತಾಗಲಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ಬೆಳಗ್ಗಿನ ಗಾಳಿ. ಮಟ್ಟು ಹತ್ತಿರ ಬರುವಾಗ ಬಲಗಾಲಿನ ಹಿಮ್ಮಡಿಯಲ್ಲಿ ಉರಿ ಶುರುವಾಯಿತು. 10 ಕಿ.ಮೀ. ಆಗಿ ತಿರುಗಿದ ಮೇಲೆ ಒಂದೊಂದು ಪೆಡಲ್ ತುಳಿತಕ್ಕೂ ಗಾಜಿನ ಪೇಪರ್‌ನಲ್ಲಿ ಉಜ್ಜಿದ ಹಾಗೆ. ಮಲ್ಪೆಗೆ ಬಂದು ಶೂ ಬಿಚ್ಚಿದರೆ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆದಿತ್ತು, ಕಿರುಬೆರಳ ಮೇಲೆ ಹೊಲಿಗೆಯ ಗೆರೆ ಹಾಗೇ ಅಚ್ಚಾಗಿತ್ತು, ಒಳಗಿನ ಅಟ್ಟೆಯಲ್ಲಿ ರಕ್ತ. 5 ಕಿ.ಮೀ. ಓಟವನ್ನು ನಡೆದು ಮುಗಿಸಿದೆ. ಆಮೇಲೆ ಹತ್ತು ದಿನ ಚಪ್ಪಲಿ ಬಿಟ್ಟು ಬೇರೇನೂ ಹಾಕಲು ಆಗಲಿಲ್ಲ.

ಆ ಶೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದನ್ನು ಮಾಡಿದ್ದೇ ಸಾಕ್ಸ್ ಹಾಕುವವರಿಗೆ. ಒಳಗಿನ ಹೊಲಿಗೆ, ಅಂಚು, ಮಡಚಿಕೊಳ್ಳುವ ನಾಲಗೆ ಇದನ್ನೆಲ್ಲ ಸಾಕ್ಸ್ ತಡೆಯುತ್ತದೆ ಅನ್ನುವ ಲೆಕ್ಕದಲ್ಲೇ ಅದರ ಒಳಗು ತಯಾರಾಗಿದೆ. ಸಾಕ್ಸ್ ತೆಗೆದರೆ ಅದೆಲ್ಲ ನೇರವಾಗಿ ಚರ್ಮಕ್ಕೆ ತಾಗುತ್ತದೆ. ಚರ್ಮವೋ, ನೀರಲ್ಲಿ ನೆನೆದು ಮೆತ್ತಗಾಗಿರುತ್ತದೆ. ಒಣ ಚರ್ಮಕ್ಕಿಂತ ಒದ್ದೆ ಚರ್ಮ ಬಟ್ಟೆಗೆ ಜಾಸ್ತಿ ಹಿಡಿದುಕೊಳ್ಳುತ್ತದೆ. ಮೇಲಿನ ಚರ್ಮ ಶೂವಿಗೆ ಅಂಟಿಕೊಂಡು ನಿಲ್ಲುತ್ತದೆ, ಒಳಗೆ ಮೂಳೆ ಮಾತ್ರ ಮುಂದೆ ಹಿಂದೆ ಹೋಗುತ್ತಿರುತ್ತದೆ, ನಡುವಿನ ಪದರ ಹರಿದು ಅಲ್ಲಿ ನೀರು ತುಂಬುತ್ತದೆ. ಗುಳ್ಳೆ ಏಳುವುದು ಹೀಗೆ. ನಮ್ಮಲ್ಲಿ ಈಜದಿದ್ದರೂ ಕಾಲು ಒದ್ದೆಯೇ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಆರು ಗಂಟೆಗೆ ಸುರತ್ಕಲ್‌ನಿಂದ ಹೊರಟರೆ ಮೂಲ್ಕಿ ಮುಟ್ಟುವಾಗ ಬೆವರು ಇಳಿದು ಶೂ ಒಳಗೆ ಪಚಪಚ ಅನ್ನುತ್ತದೆ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಬೆವರು ಆರುವುದಾದರೂ ಎಲ್ಲಿಗೆ? ಚಳಿ ದೇಶದವರು ಬರೆದ ಶೂ ವಿಮರ್ಶೆ ಓದಿ ನಾವು ಶೂ ಆರಿಸಿದರೆ ಸರಿಯಾಗುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಗಾಯ ಮಾಗಿದ ಮೇಲೆ ಮಂಗಳೂರಿನ ಒಂದು ಸೈಕಲ್ ಅಂಗಡಿಗೆ ಹೋದೆ. ದೊಡ್ಡದಲ್ಲ, ಹಿಂದೆ ರಿಪೇರಿ ಕೋಣೆ, ಮುಂದೆ ನಾಲ್ಕು ಕಪಾಟು. ಟ್ರಯಥ್ಲಾನ್ ಶೂ ಎರಡೇ ಮಾದರಿ ಇತ್ತು. ಅಂಗಡಿಯ ಅಣ್ಣ ಮೊದಲು ಕೇಳಿದ್ದು ಬೆಲೆ ಎಷ್ಟರದ್ದು ಬೇಕು ಅಂತ ಅಲ್ಲ. "ಅಕ್ಕ, ಎಷ್ಟು ದೂರಕ್ಕೆ? ಸಾಕ್ಸ್ ಹಾಕ್ತೀರಾ, ಇಲ್ವಾ?" ಅಂತ. ಗಾಯದ ಕಲೆ ತೋರಿಸಿದೆ. ಕಾಲು ಒದ್ದೆ ಮಾಡಿ ಹಾಕಿ ನೋಡಬಹುದಾ ಅಂತ ಕೇಳಿದೆ. ಒಂದು ನಿಮಿಷ ಯೋಚನೆ ಮಾಡಿ, ನೆಲಕ್ಕೆ ಪೇಪರ್ ಹಾಸಿ, ಒಳಗಿಂದ ಒಂದು ಚೊಂಬು ನೀರು ತಂದುಕೊಟ್ಟರು. ಆಮೇಲೆ ಅವರ ಬಳಕೆಯ ಕ್ಲೀಟ್ (ಶೂವಿನ ತಳಕ್ಕೆ ಹಾಕಿ ಪೆಡಲ್‌ಗೆ ಕಚ್ಚಿಸುವ ತುಂಡು) ತಾತ್ಕಾಲಿಕವಾಗಿ ಕೂರಿಸಿ, ಸ್ಟ್ಯಾಂಡಿಗೆ ಹಾಕಿದ ಸೈಕಲ್ ಮೇಲೆ ಹದಿನೈದು ನಿಮಿಷ ತುಳಿಯಲು ಬಿಟ್ಟರು. ಮಧ್ಯ ಎರಡು ಸಲ ಇಳಿಸಿ ಕಾಲು ನೋಡಿದರು. ಒಂದು ಮಾದರಿಯಲ್ಲಿ ಹೆಬ್ಬೆರಳ ಬುಡ ಕೆಂಪಾಗಿತ್ತು. "ಇದು ಬೇಡ ಅಕ್ಕ, ನಾಳೆ ಗುಳ್ಳೆ ಬರ್ತದೆ" ಅಂತ ಅವರೇ ಅದನ್ನು ತೆಗೆದಿಟ್ಟರು. ಅದು ದುಬಾರಿಯದ್ದು. ಇನ್ನೊಂದು ಮಾದರಿಯ ನನ್ನ ಅಳತೆ ಇರಲಿಲ್ಲ, ಬೆಂಗಳೂರಿನಿಂದ ತರಿಸಲು 12 ದಿನ ಹಿಡಿಯಿತು. ಬಂದ ಮೇಲೆ ಅದನ್ನೂ ಒದ್ದೆ ಕಾಲಿಗೆ ಹಾಕಿ ನೋಡಿಯೇ ಕೊಂಡೆ. ಅಷ್ಟು ದಿನ ಕಾದದ್ದಕ್ಕೆ ನನಗೆ ಬೇಸರ ಇಲ್ಲ. 11,500 ರೂಪಾಯಿ ಆಯಿತು, ಕ್ಲೀಟ್ ಬೇರೆ.

ಈಗ ಶೂ ಬಗ್ಗೆ. ಮೊದಲು ಒಳಗೆ ಕೈ ಹಾಕಿ. ಕಣ್ಣಲ್ಲಿ ನೋಡಿದರೆ ಸಾಲದು, ಬೆರಳ ತುದಿಯನ್ನು ಹಿಮ್ಮಡಿಯಿಂದ ಕಿರುಬೆರಳ ತನಕ ನಿಧಾನಕ್ಕೆ ಎಳೆದುಕೊಂಡು ಹೋಗಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ, ದಾರದ ಗಂಟೋ ಅಂಟಿನ ಗಡ್ಡೆಯೋ ತಾಗಿದರೆ ಆ ಶೂ ಬಿಟ್ಟುಬಿಡಿ. ಒಳ್ಳೆಯ ಟ್ರಯಥ್ಲಾನ್ ಶೂವಿನ ಒಳಗು ಒಂದೇ ಬಟ್ಟೆಯ ಹಾಗೆ ನಯವಾಗಿರುತ್ತದೆ. ಹೊಲಿಗೆ ಹೊರಗಡೆ ಇರುತ್ತದೆ, ಇಲ್ಲವಾದರೆ ಅದರ ಮೇಲೆ ಮೆತ್ತನೆಯ ಪದರ ಹಾಕಿರುತ್ತಾರೆ. ಒಳಗಿನ ಅಟ್ಟೆ ತೆಗೆದು ಅದರ ಕೆಳಗೂ ನೋಡಿ. ಅಟ್ಟೆಯ ಅಂಚು ಮೇಲೆದ್ದಿದ್ದರೆ ಪಾದದ ಒಳಬದಿಗೆ ತಾಗುತ್ತದೆ. ಅಲ್ಲಿ ಚರ್ಮ ಬಹಳ ತೆಳು.

ಆಮೇಲೆ ಪಟ್ಟಿ. ಟ್ರಯಥ್ಲಾನ್ ಶೂವಿಗೆ ಒಂದು ಅಥವಾ ಎರಡು ಅಗಲದ ವೆಲ್ಕ್ರೋ ಪಟ್ಟಿ ಇರುತ್ತದೆ. ಲೇಸ್ ಇಲ್ಲ, ಡಯಲ್ ಇದ್ದರೂ ಅಪರೂಪ. ಪಟ್ಟಿ ಯಾವ ಕಡೆಗೆ ತೆರೆದುಕೊಳ್ಳುತ್ತದೆ ಅಂತ ಗಮನಿಸಿ. ಮಾಮೂಲಿ ರೋಡ್ ಶೂವಿನಲ್ಲಿ ಪಟ್ಟಿಯ ಬುಡ ಒಳಬದಿಗೆ ಇರುತ್ತದೆ, ಬಿಚ್ಚಿದರೆ ಅದು ಸೈಕಲ್ ಕಡೆಗೇ ಬೀಳುತ್ತದೆ. ಟ್ರಯಥ್ಲಾನ್ ಶೂವಿನಲ್ಲಿ ಮೇಲಿನ ದೊಡ್ಡ ಪಟ್ಟಿಯ ಬುಡ ಹೊರಬದಿಗೆ, ಬಿಚ್ಚಿದರೆ ಹೊರಗೆ ಬೀಳುತ್ತದೆ. ಇದು ಚಂದಕ್ಕೆ ಮಾಡಿದ್ದಲ್ಲ. ಶೂ ಪೆಡಲ್‌ನಲ್ಲೇ ಸಿಕ್ಕಿಸಿಟ್ಟು, ಪಟ್ಟಿ ಬಿಚ್ಚಿಟ್ಟುಕೊಂಡೇ ಸೈಕಲ್ ಹತ್ತುವಾಗ ಆ ಪಟ್ಟಿ ಚೈನಿಗೋ ಕ್ರ್ಯಾಂಕಿಗೋ ಸಿಕ್ಕಬಾರದು. ಹಿಮ್ಮಡಿಯ ಹಿಂದೆ ಒಂದು ದೊಡ್ಡ ಕುಣಿಕೆ ಇರುತ್ತದೆ, ಅದರಲ್ಲಿ ನಿಮ್ಮ ಬೆರಳು ಸಲೀಸಾಗಿ ಹೋಗಬೇಕು. ಓಡುವ ಸೈಕಲ್ ಮೇಲೆ ಬಗ್ಗಿ ಶೂ ಎಳೆದುಕೊಳ್ಳುವಾಗ ಸಣ್ಣ ಕುಣಿಕೆ ಇದ್ದರೆ ಕೈಗೇ ಸಿಗುವುದಿಲ್ಲ.

ನೀರು ಹೋಗುವ ತೂತು. ಬೆರಳ ಕೆಳಗೆ ತಳದಲ್ಲಿ ತೂತು, ಮೇಲೆ ಜಾಳಿಗೆಯ ಹಾಗೆ ಗಾಳಿ ಆಡುವ ಬಟ್ಟೆ. ನಾನು ಮನೆಗೆ ತಂದ ಮೇಲೆ ಒಳಗೆ ನೀರು ಹೊಯ್ದೇ ನೋಡಿದೆ, ಮುಂದಿನಿಂದ ತಟ್ಟನೆ ಇಳಿದು ಹೋಯಿತು. ಆದರೆ ಹಿಮ್ಮಡಿಯ ಮೆತ್ತೆ ನೀರು ಹಿಡಿದುಕೊಳ್ಳುತ್ತದೆ, ಮಳೆಗಾಲದಲ್ಲಿ ಅದು ಒಣಗಲು ಎರಡು ದಿನ ಬೇಕು. ಈ ಜೋಡಿಯಲ್ಲಿ ನನಗೆ ಹಿಡಿಸದ್ದು ಅದೊಂದು. ಇನ್ನೊಂದು ಬಣ್ಣ. ಬಿಳಿ ತಗೊಂಡೆ. ಮುರಕಲ್ಲಿನ ಧೂಳು, ಕೆಂಪು ಮಣ್ಣಿನ ಕೆಸರು ಆ ಜಾಳಿಗೆಯೊಳಗೆ ಹೊಕ್ಕರೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮೂಡುಬಿದಿರೆ ಕಡೆ ಸೈಕಲ್ ಬಿಡುವವರು ದಯವಿಟ್ಟು ಕಪ್ಪೇ ತಗೊಳ್ಳಿ.

ಅಳತೆ ನೋಡುವುದು ಸಂಜೆ. ಸಾಧ್ಯವಾದರೆ ಅದೇ ದಿನ ಒಂದು ಗಂಟೆ ಸೈಕಲ್ ಬಿಟ್ಟ ಮೇಲೆ, ಯಾಕೆಂದರೆ ಆಗ ಕಾಲು ಊದಿರುತ್ತದೆ. ಬೆರಳು ಮುಂದೆ ತಾಗಬಾರದು, ಆದರೆ ಹಿಮ್ಮಡಿ ಒಂದು ಚೂರೂ ಮೇಲೇಳಬಾರದು. ಸಾಕ್ಸ್ ಇಲ್ಲದಿದ್ದರೆ ಶೂ ಒಳಗೆ ಜಾಗ ಸ್ವಲ್ಪ ಜಾಸ್ತಿಯಾಗುತ್ತದೆ, ಆ ಜಾಗದಲ್ಲೇ ಉಜ್ಜಾಟ ಆಗುವುದು. ಚಿಕ್ಕಂದಿನಿಂದ ಚಪ್ಪಲಿಯಲ್ಲಿ, ಬರಿಗಾಲಲ್ಲಿ ನಡೆದ ನಮ್ಮಂಥವರ ಪಾದ ಮುಂದೆ ಅಗಲ ಇರುತ್ತದೆ. ಅಗಲ ಸಾಲದ್ದಕ್ಕೆ ಉದ್ದ ಜಾಸ್ತಿಯ ಶೂ ತಗೊಂಡರೆ ಹಿಮ್ಮಡಿ ಸಡಿಲ. ಇದು ನಾನು ಬಹಳ ಮಂದಿಯಲ್ಲಿ ಕಂಡ ತಪ್ಪು. ಶಿಮಾನೊದಂಥ ಕೆಲವು ಕಂಪನಿಗಳು ಕೆಲವು ಮಾದರಿಗಳನ್ನು ಅಗಲದ ಅಚ್ಚಿನಲ್ಲೂ ಮಾಡುತ್ತವೆ, ಅದನ್ನು ಕೇಳಿ ತರಿಸಿ.

ತಳ ಕಾರ್ಬನ್ನಾ, ನೈಲಾನಾ? ಎಲ್ಲರೂ ಮೊದಲು ಕೇಳುವುದು ಇದನ್ನೇ. 20, 40 ಕಿ.ಮೀ. ಬಿಡುವವರಿಗೆ ನೈಲಾನ್ ಬೆರೆತ ತಳ ಧಾರಾಳ ಸಾಕು. ಕಾರ್ಬನ್ ಹಗುರ, ಜಾಸ್ತಿ ಗಟ್ಟಿ, ಬೆಲೆಯೂ ಜಾಸ್ತಿ. ಆ ದುಡ್ಡಿನ ವ್ಯತ್ಯಾಸವನ್ನು ಒಳಗಿನ ನಯಕ್ಕೆ ಕೊಡಿ. ಗುಳ್ಳೆ ಎದ್ದ ಕಾಲಲ್ಲಿ ಎಷ್ಟು ಗಟ್ಟಿ ತಳ ಇದ್ದರೂ ತುಳಿಯಲು ಆಗುವುದಿಲ್ಲ, ಅಲ್ವಾ?

ಕ್ಲೀಟ್ ಬಗ್ಗೆ ಎರಡು ಮಾತು. ಟ್ರಯಥ್ಲಾನ್ ಶೂ ಹೆಚ್ಚಾಗಿ ಮೂರು ತೂತಿನ ಕ್ಲೀಟ್‌ಗೆ ಬರುತ್ತದೆ. ನಿಮ್ಮ ಪೆಡಲ್ ಎರಡು ತೂತಿನ ಕ್ಲೀಟ್‌ಗೆ ಮಾಡಿದ್ದಾದರೆ ಹೊಂದುವುದಿಲ್ಲ, ಮೊದಲೇ ನೋಡಿಕೊಳ್ಳಿ. ಶಿಮಾನೊದಲ್ಲಿ ಹಳದಿ ಕ್ಲೀಟ್ ಕಾಲು 6 ಡಿಗ್ರಿ ಆಡಲು ಬಿಡುತ್ತದೆ, ನೀಲಿ 2 ಡಿಗ್ರಿ, ಕೆಂಪು ಅಲುಗಲು ಬಿಡುವುದಿಲ್ಲ. ಹೊಸಬರಿಗೆ ಹಳದಿಯೇ ಸರಿ, ಮಂಡಿಗೆ ಒಳ್ಳೆಯದು. ಇಲ್ಲಿ ಮಾತ್ರ ಒಂದು ಮಾತು ಉಂಟು, ಹಿಮ್ಮಡಿ ಜಾಸ್ತಿ ಆಡಿದಷ್ಟು ಉಜ್ಜಾಟವೂ ಜಾಸ್ತಿ, ಹಾಗಾಗಿ ಹಳದಿ ಹಾಕುವವರು ಹಿಮ್ಮಡಿ ಹಿಡಿತ ಇನ್ನೂ ಚೆನ್ನಾಗಿ ನೋಡಿಕೊಳ್ಳಬೇಕು. ಕ್ಲೀಟ್ ಹಾಕಿಕೊಂಡು ಹೊಯಿಗೆಯಲ್ಲಿ ನಡೆಯಲೇಬೇಡಿ. ಹೊಯಿಗೆ ತುಂಬಿದರೆ ಪೆಡಲ್‌ಗೆ ಕಚ್ಚುವುದಿಲ್ಲ.

ಶೂ ಸರಿ ಇದ್ದರೂ ಮೊದಲ ದಿನವೇ ಸಾಕ್ಸ್ ಬಿಟ್ಟು 20 ಕಿ.ಮೀ. ಹೋಗಬೇಡಿ. ನಾನು ಇಪ್ಪತ್ತು ನಿಮಿಷದಿಂದ ಶುರು ಮಾಡಿದೆ. ಬಂದ ಕೂಡಲೇ ಕಾಲು ನೋಡುವುದು, ಎಲ್ಲಿ ಕೆಂಪಾಗಿದೆ ಅಂತ ನೆನಪಿಟ್ಟುಕೊಳ್ಳುವುದು. ನನಗೆ ಬಲ ಹಿಮ್ಮಡಿ, ಎರಡೂ ಹೆಬ್ಬೆರಳ ಬದಿ. ಮುಂದಿನ ಸಲ ಅಲ್ಲಿಗೆ ಮಾತ್ರ ವ್ಯಾಸಲಿನ್ ದಪ್ಪಕ್ಕೆ ಹಚ್ಚಿದೆ. ಕಾಲಿಗೆ ಹಚ್ಚಿ ಈಜಲು ಹೋದರೆ ಹೊಯಿಗೆ ಅಂಟುತ್ತದೆ, ಆದ್ದರಿಂದ ಶೂ ಒಳಗೆ ಆ ಜಾಗಕ್ಕೇ ಹಚ್ಚಿಡುವುದು ಉತ್ತಮ. ಅಟ್ಟೆಯ ಮೇಲೆ ಟಾಲ್ಕಂ ಪೌಡರ್ ಉದುರಿಸಿಡುತ್ತೇನೆ, ಒದ್ದೆ ಕಾಲು ಜಾರಿ ಒಳಗೆ ಹೋಗಲು ಅದು ಸಹಾಯ ಮಾಡುತ್ತದೆ. ಮನೆಯಲ್ಲಿ ಅಮ್ಮ ತೆಂಗಿನೆಣ್ಣೆ ಹಚ್ಚು ಅಂದರು, ಹಚ್ಚಿ ನೋಡಿದೆ. ಬೇಗ ಹೀರಿ ಹೋಗುತ್ತದೆ, ಅರ್ಧ ದಾರಿಗೆ ಉರಿ ಪುನಃ ಶುರು. ರಾತ್ರಿ ಮಲಗುವಾಗ ಹಚ್ಚಿದರೆ ಮಾತ್ರ ಹಿಮ್ಮಡಿ ಬಿರಿಯದೆ ಚೆನ್ನಾಗಿರುತ್ತದೆ. ಉಗುರು ಕತ್ತರಿಸಿಕೊಂಡಿರಿ.

ಹೊಯಿಗೆಗೆ ಒಂದೇ ಮದ್ದು, ಸಿಹಿನೀರು. ಸೈಕಲ್ ಪಕ್ಕ ಒಂದು ಬಾಟಲಿ ನೀರು, ನೆಲಕ್ಕೆ ಬೈರಾಸು. ಬೆರಳ ಸಂದಿಗೆ ನೀರು ಹೊಯ್ದುಕೊಂಡು, ಬೈರಾಸಿನ ಮೇಲೆ ನಾಲ್ಕು ಸಲ ಕಾಲು ಉಜ್ಜಿ, ಶೂ. ನನಗೆ ಇದಕ್ಕೆ ಹತ್ತು ಸೆಕೆಂಡು ಬೇಕು. ಅದನ್ನು ಉಳಿಸಲು ಹೋಗಬೇಡಿ.

ಶೂ ಪೆಡಲ್‌ನಲ್ಲೇ ಇಟ್ಟು ಓಡಿ ಹತ್ತುವುದನ್ನು ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು. ಹಿಮ್ಮಡಿಯ ಕುಣಿಕೆಗೆ ಸಪೂರ ರಬ್ಬರ್ ಬ್ಯಾಂಡ್ ಹಾಕಿ ಸೈಕಲ್‌ಗೆ ಕಟ್ಟಿದರೆ ಶೂ ನೇರವಾಗಿ ನಿಲ್ಲುತ್ತದೆ, ತುಳಿದ ಕೂಡಲೇ ಬ್ಯಾಂಡ್ ಹರಿದು ಹೋಗುತ್ತದೆ. ಶೂ ಮೇಲೆ ಕಾಲಿಟ್ಟು ಮೊದಲು ವೇಗ ತಗೊಳ್ಳಿ, ಆಮೇಲೆ ಒಂದೊಂದೇ ಕಾಲು ಒಳಗೆ. ಇದನ್ನು ಶಾಲೆಯ ಮೈದಾನದಲ್ಲಿ, ಹುಲ್ಲಿನ ಮೇಲೆ ಕಲಿಯಿರಿ. ಹೆದ್ದಾರಿ 66ರಲ್ಲಿ ಬಸ್ಸುಗಳ ನಡುವೆ ಬಗ್ಗಿ ಶೂ ಎಳೆಯುವುದು ಅಪಾಯ. ಕಲಿಯುವ ಧೈರ್ಯ ಇಲ್ಲದವರು ನೆಲದಲ್ಲೇ ಶೂ ಹಾಕಿಕೊಂಡು ಹೊರಡಿ, ಅದರಿಂದ ಏನೂ ಮುಳುಗುವುದಿಲ್ಲ. ಸ್ಪರ್ಧೆಯಲ್ಲಾದರೆ ಸೈಕಲ್ ಮುಟ್ಟುವ ಮೊದಲೇ ಹೆಲ್ಮೆಟ್ ಹಾಕಿ ಬಕಲ್ ಬಿಗಿದಿರಬೇಕು, ಹತ್ತುವುದು ಅದಕ್ಕೆಂದೇ ಎಳೆದ ಗೆರೆ ದಾಟಿದ ಮೇಲೆಯೇ.

ಎಲ್ಲರೂ ಸಾಕ್ಸ್ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಸ್ಪ್ರಿಂಟ್‌ಗೆ, ಒಲಿಂಪಿಕ್ ದೂರದ 40 ಕಿ.ಮೀ.ಗೆ ಸರಿ. ಗೋವಾದ ಐರನ್‌ಮ್ಯಾನ್ 70.3ಯಂಥ ಸ್ಪರ್ಧೆಯಲ್ಲಿ 1.9 ಕಿ.ಮೀ. ಈಜಿ, 90 ಕಿ.ಮೀ. ಸೈಕಲ್ ಬಿಟ್ಟು, 21.1 ಕಿ.ಮೀ. ಓಡಬೇಕು. ನಾನು ಅದಕ್ಕೆ ಹೋಗುವ ದಿನ ಬಂದರೆ ಕೂತುಕೊಂಡು, ಕಾಲು ಒರೆಸಿ, ಸಾಕ್ಸ್ ಹಾಕಿಕೊಂಡೇ ಹೊರಡುತ್ತೇನೆ. ಅಷ್ಟು ಗಂಟೆಗಳ ಲೆಕ್ಕದಲ್ಲಿ ಅರ್ಧ ನಿಮಿಷ ಏನೂ ಅಲ್ಲ. ಮತ್ತೆ, ಶುಗರ್ ಇರುವವರು ಸಾಕ್ಸ್ ಬಿಡಲೇಬೇಡಿ. ನಮ್ಮ ಗುಂಪಿನಲ್ಲಿ ಒಬ್ಬರು ಅಣ್ಣ ಇದ್ದಾರೆ, ಹನ್ನೆರಡು ವರ್ಷದಿಂದ ಶುಗರ್. ಕಾಲಿನಲ್ಲಿ ಸ್ಪರ್ಶ ಕಡಿಮೆಯಾದರೆ ಗುಳ್ಳೆ ಎದ್ದದ್ದೇ ಗೊತ್ತಾಗುವುದಿಲ್ಲ, ಗಾಯವಾದರೆ ಬೇಗ ಮಾಗುವುದೂ ಇಲ್ಲ. ಅವರಿಗೆ ನಾವೆಲ್ಲ ಸೇರಿ ಹೇಳಿ ಸಾಕ್ಸ್ ಹಾಕಿಸಿದ್ದೇವೆ. ಅವರು ಸಾಕ್ಸ್ ಹಾಕಿಕೊಂಡೇ ನನಗಿಂತ ಮುಂದೆ ಇರುತ್ತಾರೆ.

ಬರಿಗಾಲಿನ ಶೂ ಬೇಗ ನಾರುತ್ತದೆ, ಬೂಷ್ಟು ಹಿಡಿಯುತ್ತದೆ. ಸಮುದ್ರದ ದಿನ ಉಪ್ಪು ಹೋಗುವ ತನಕ ಸಿಹಿನೀರಲ್ಲಿ ತೊಳೆಯಿರಿ. ಅಟ್ಟೆ ಹೊರಗೆ ತೆಗೆದು, ಶೂ ಒಳಗೆ ಪೇಪರ್ ಉಂಡೆ ತುಂಬಿ, ಫ್ಯಾನಿನ ಕೆಳಗೆ ಇಡಿ. ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿದರೆ ಬೇಗ ಒಣಗುತ್ತದೆ. ಬಿಸಿಲಿಗೆ ಇಡಬೇಡಿ, ಅಂಟು ಬಿಡುತ್ತದೆ. ಕಾರಿನ ಡಿಕ್ಕಿಯಲ್ಲಂತೂ ಬಿಡಲೇಬೇಡಿ. ವೆಲ್ಕ್ರೋದಲ್ಲಿ ಕೂತ ಹೊಯಿಗೆ, ದಾರವನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದರೆ ಹಿಡಿತ ಪುನಃ ಬರುತ್ತದೆ. ನನ್ನದಿನ್ನೂ ಹೊಸದರ ಹಾಗೆ ಕಚ್ಚುತ್ತದೆ.

ಹೋದ ಡಿಸೆಂಬರ್‌ನಲ್ಲಿ ಅದೇ ಮಲ್ಪೆ, ಅದೇ ದಾರಿ, ಅದೇ ಗುಂಪು. ಸಾಕ್ಸ್ ಇಲ್ಲ. ಮಟ್ಟು ಸೇತುವೆ ಬರುವಾಗ ನನ್ನ ಮನಸ್ಸೆಲ್ಲ ಬಲ ಹಿಮ್ಮಡಿಯಲ್ಲೇ ಇತ್ತು. ಉರಿ ಬರಲಿಲ್ಲ. ವಾಪಸು ಬಂದು 5 ಕಿ.ಮೀ. ಓಡಿ ಮುಗಿಸಿ, ಬೊಂಡ ಕುಡಿಯುತ್ತಾ ಕಾಲು ನೋಡಿದರೆ ಎಡ ಹೆಬ್ಬೆರಳ ಬದಿಯಲ್ಲಿ ಸ್ವಲ್ಪ ಕೆಂಪು, ಅಷ್ಟೇ. ಅಲ್ಲಿಗೆ ವ್ಯಾಸಲಿನ್ ಕಡಿಮೆಯಾಗಿತ್ತು.

ಮೊದಲ ಜೋಡಿ ಇನ್ನೂ ನನ್ನ ಹತ್ತಿರ ಉಂಟು, 39ರ ಅಳತೆ, ತಳ ಗಟ್ಟಿಯಾಗಿಯೇ ಇದೆ. ಉಡುಪಿ, ಮಣಿಪಾಲದ ಸುತ್ತ ಸಾಕ್ಸ್ ಹಾಕಿಕೊಂಡು ಸೈಕಲ್ ಬಿಡಲು ಶುರು ಮಾಡುವ ಹುಡುಗಿಯರು ಯಾರಿಗಾದರೂ ಬೇಕಿದ್ದರೆ ಸುಮ್ನೆ ಕೊಡುತ್ತೇನೆ, ಸಂಜೆ ಬಂದು ಹಾಕಿ ನೋಡಿ.